ಮೂರು ಫ್ರಂಟ್ ವಿಂಗ್, ಹೆಚ್ಚುಕಡಿಮೆ ಒಂದೇ ಬೆಲೆ: ಅಲೆ ಮೇಲೆ ವಾಲಿಸಿ ತಿರುಗೋಕೆ ಯಾವುದು ತಗೊಳ್ಳಲಿ?

ಕ್ಯಾತ್ಸಂದ್ರ ಗಾಳಿ:
ಎಲ್ಲರಿಗೂ ನಮಸ್ಕಾರ. ಊರು ತುಮಕೂರು, ತೂಕ 78 ಕೆ.ಜಿ. ಮೂರು ವರ್ಷದಿಂದ ವಿಂಗ್ ಫಾಯಿಲ್ ಮಾಡ್ತಿದ್ದೀನಿ. ಹೊಸಬರಿಗೆ ಒಂದು ಮಾತು: ಕೈಯಲ್ಲಿ ಹಿಡಿದ ವಿಂಗ್ ಗಾಳಿಗೆ ಬೋರ್ಡನ್ನ ಎಳೆಯುತ್ತೆ. ಬೋರ್ಡಿನ ಕೆಳಗೆ ಮಾಸ್ಟ್ ಅನ್ನೋ ಕಂಬ, ಅದರ ತುದಿಗೆ ಫ್ಯೂಸಲಾಜ್ ಅನ್ನೋ ದಂಡ, ದಂಡದ ಮುಂದೆ ಫ್ರಂಟ್ ವಿಂಗ್ ಅನ್ನೋ ದೊಡ್ಡ ರೆಕ್ಕೆ, ಹಿಂದೆ ಒಂದು ಸಣ್ಣ ರೆಕ್ಕೆ, ಇದೆಲ್ಲ ಸೇರಿ ಫಾಯಿಲ್. ವೇಗ ಬಂದರೆ ನೀರೊಳಗಿನ ಈ ರೆಕ್ಕೆ ಬೋರ್ಡನ್ನ ನೀರಿಂದ ಮೇಲೆತ್ತುತ್ತೆ. ಆದರೆ ಸಮುದ್ರ ಸಿಗೋದು ವರ್ಷಕ್ಕೆ ಏಳೆಂಟು ಸಲ ಮಾತ್ರ. ಶುಕ್ರವಾರ ರಾತ್ರಿ ಬಸ್ ಹತ್ತಿ ಶಿರಾಡಿ ಘಾಟಿ ಇಳಿದು ಮುಲ್ಕಿಗೆ ಹೋಗ್ತೀನಿ, ಭಾನುವಾರ ರಾತ್ರಿ ವಾಪಸ್. ಬೋರ್ಡು, ಫಾಯಿಲ್ ಎರಡೂ ಅಲ್ಲೇ ಗೆಳೆಯರ ಮನೆಯಲ್ಲಿ ಇರುತ್ತೆ.

ಕಲಿತದ್ದು 1700 ಚದರ ಸೆಂ.ಮೀ. ಇರುವ ದೊಡ್ಡ ಫ್ರಂಟ್ ವಿಂಗ್ ಮೇಲೆ. ತುದಿಯಿಂದ ತುದಿಗೆ 95 ಸೆಂ.ಮೀ. ಅದಕ್ಕೆ ನಾನು ಋಣಿ. ಸ್ವಲ್ಪ ಗಾಳಿ ಸಾಕು, ಮೇಲೆತ್ತುತ್ತೆ, ತಪ್ಪು ಮಾಡಿದರೂ ಕೆಡವಲ್ಲ. ಈಗ ಆಸೆ ಬೇರೆ ಆಗಿದೆ. ಅಲೆ ಸಿಕ್ಕ ತಕ್ಷಣ ಕೈಯಲ್ಲಿರೋ ವಿಂಗ್ ಹಿಂದಕ್ಕೆ ತೇಲಿಬಿಟ್ಟು, ಸರ್ಫ್ ಮಾಡೋರ ಹಾಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಪೂರ್ತಿ ವಾಲಿಸಿ ತಿರುಗಬೇಕು. ಈ ರೆಕ್ಕೆ ವಾಲೋಕೇ ಒಪ್ಪಲ್ಲ. ನಾನು ಭಾರ ಹಾಕಿ ಅರ್ಧ ಸೆಕೆಂಡ್ ಕಾಯಬೇಕು, ಆಮೇಲೆ ತಿರುಗುತ್ತೆ. ಅಷ್ಟರಲ್ಲಿ ಅಲೆ ಮುಂದೆ ಹೋಗಿರುತ್ತೆ.

ನನ್ನ ಫಾಯಿಲ್‌ಗೆ ಕೂರುವಂಥವು ಮೂರು ಸಿಗ್ತಾ ಇವೆ.
ಒಂದನೇದು 1000 ಚದರ ಸೆಂ.ಮೀ., ಸ್ಪ್ಯಾನ್ (ತುದಿಯಿಂದ ತುದಿಗೆ ಉದ್ದ) 100 ಸೆಂ.ಮೀ.
ಎರಡನೇದು 1200, ಸ್ಪ್ಯಾನ್ 90.
ಮೂರನೇದು 1100, ಸ್ಪ್ಯಾನ್ 76.
ಮಾಸ್ಟ್ ಅಲ್ಯೂಮಿನಿಯಂ, 75 ಸೆಂ.ಮೀ. ಈ ದುಡ್ಡು ಕೂಡಿಸೋಕೆ ಒಂದು ವರ್ಷ ಹಿಡಿದಿದೆ. ತಪ್ಪು ಆರಿಸಿದರೆ ಇನ್ನೊಂದು ವರ್ಷ ಕಾಯಬೇಕು. ದಯವಿಟ್ಟು ಬಿಡಿಸಿ ಹೇಳಿ.

ಮುಲ್ಕಿ ಅಳಿವೆ:
ಮೊದಲೇ ಹೇಳ್ತೇನೆ, ನಿಮ್ಮ ದೊಡ್ಡ ರೆಕ್ಕೆ ತಿರುಗುವುದಿಲ್ಲ ಎಂಬುದು ನಿಮ್ಮ ಕಾಲಿನ ತಪ್ಪಲ್ಲ ಮಾರಾಯ್ರೆ. ಇಲ್ಲಿ ಕಲಿಯಲಿಕ್ಕೆ ಬರುವವರಲ್ಲಿ ಅರ್ಧ ಜನ ಅದೇ ಹಂತದಲ್ಲಿ ತಮ್ಮನ್ನೇ ಬೈದುಕೊಳ್ತಾರೆ.

ನನ್ನ ಮತ ಮೂರನೆಯದಕ್ಕೆ. ಅಲೆಯ ಮೇಲೆ ಬೇಕಾದದ್ದು ಗಿಡ್ಡ ರೆಕ್ಕೆ. ಗಿಡ್ಡದ್ದು ಪಾದ ಒತ್ತಿದ ಕೂಡಲೇ ವಾಲ್ತದೆ. ಉದ್ದದ್ದು ಜಾರ್ತದೆ ಚೆಂದ, ಒಂದು ಅಲೆ ಬಿಟ್ಟು ಹಿಂದಿನ ಅಲೆಗೆ ಪಂಪ್ ಮಾಡಿಕೊಂಡು (ಕಾಲಿನಿಂದ ಬೋರ್ಡನ್ನು ಮೇಲೆ ಕೆಳಗೆ ಒತ್ತಿ ಓಡಿಸಿಕೊಂಡು) ಹೋಗಲಿಕ್ಕೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ. ಆದರೆ ತೀರಾ ವಾಲಿಸಿದರೆ ಮೇಲಿನ ತುದಿ ನೀರಿನಿಂದ ಹೊರಗೆ ಬರ್ತದೆ. ಬಂದ ಕೂಡಲೇ ರೆಕ್ಕೆಯ ಬೆನ್ನಿನ ಮೇಲೆ ಗಾಳಿ ನುಗ್ತದೆ, ಆ ಬದಿಯ ಬಲ ಹೋಗ್ತದೆ, ನೀವು ನೀರಿಗೆ. ಹೊಸ ವಿನ್ಯಾಸದ ರೆಕ್ಕೆಗಳು ತುದಿ ಹೊರಬಂದರೂ ಸ್ವಲ್ಪ ತಡ್ಕೊಳ್ತವೆ. ತುದಿ ತೆಳ್ಳಗೆ, ಚೂಪಾಗಿ, ಕೆಳಕ್ಕೆ ಬಾಗಿ ಇದ್ದರೆ ಗಾಳಿ ಒಳಗೆ ಎಳೆಯುವುದು ಕಡಿಮೆ. ಕೊಳ್ಳುವಾಗ ಪಟ್ಟಿಯಲ್ಲಿ ಅಂಕಿ ಮಾತ್ರ ನೋಡಬೇಡಿ, ಎದುರಿನಿಂದ ತೆಗೆದ ಫೋಟೋ ಕೇಳಿ. ಬಾಗು ಕಾಣುವುದು ಅದರಲ್ಲಿ.

ರೇಷ್ಮೆ ಗೂಡು:
ನಾನು ಶಿಡ್ಲಘಟ್ಟ. ಹೋದ ವರ್ಷ ಶುರು ಮಾಡಿದವಳು, ದಯವಿಟ್ಟು ಬೇಸರ ಮಾಡ್ಕೋಬೇಡಿ. ಈ ಸ್ಪ್ಯಾನ್, ವಿಸ್ತೀರ್ಣ, ಆಸ್ಪೆಕ್ಟ್ ರೇಶಿಯೋ ಎಲ್ಲ ಒಂದರೊಳಗೊಂದು ಕಲಸಿಹೋಗ್ತವೆ. ಒಂದು ಅಂಗಡಿಯವರ 900 ಅಂದರೆ ಇನ್ನೊಬ್ಬರ 900ಕ್ಕಿಂತ ಎಷ್ಟೋ ದೊಡ್ಡದಿರುತ್ತೆ. ಯಾಕೆ?

ಪಾಲಾರ್ ದಂಡೆ:
ನಮ್ಮ ಕೋಲಾರದ ಕಡೆ ಇದನ್ನ ಕೇಳೋರು ಇದ್ದಾರೆ ಅಂತ ನೋಡಿ ತುಂಬಾ ಖುಷಿಯಾಯ್ತು. ನನ್ನ ಕೆಲಸ ಮೆಷಿನ್ ಡ್ರಾಯಿಂಗ್. ಊಟ ಆದ ಮೇಲೆ ಕೂತು ಮೂರಕ್ಕೂ ಲೆಕ್ಕ ಹಾಕಿದೆ.

ಮೊದಲು ಅಕ್ಕನ ಪ್ರಶ್ನೆ. ಅಂಕಿ ಎಲ್ಲರದೂ ಒಂದಲ್ಲ. ಆಕ್ಸಿಸ್ ಕಂಪನಿಯ ರೆಕ್ಕೆಗಳ ಹೆಸರಿನ ಅಂಕಿ ಮಿಲಿಮೀಟರಿನಲ್ಲಿ ಸ್ಪ್ಯಾನ್, ಅಂದರೆ ತುದಿಯಿಂದ ತುದಿಗೆ ಉದ್ದ. ಆರ್ಮ್‌ಸ್ಟ್ರಾಂಗ್‌ದು ಚದರ ಸೆಂ.ಮೀ. ವಿಸ್ತೀರ್ಣ. ಚದರ ಇಂಚಿನಲ್ಲಿ ಬರೆಯೋರೂ ಇದ್ದಾರೆ. ಅವರ 200 ಅಂದರೆ ನಮಗೆ 1290. ಆಸ್ಪೆಕ್ಟ್ ರೇಶಿಯೋ ಬೇಕಾದರೆ ಸ್ಪ್ಯಾನನ್ನ ಅದರಿಂದಲೇ ಗುಣಿಸಿ, ವಿಸ್ತೀರ್ಣದಿಂದ ಭಾಗಿಸಿ. ಪ್ರಶ್ನೆ ಕೇಳಿದವರ ಮೂರು ರೆಕ್ಕೆಗೆ ಕ್ರಮವಾಗಿ 10, 6.75, 5.25 ಬರುತ್ತೆ. ದೊಡ್ಡ ಅಂಕಿ ಅಂದರೆ ಉದ್ದ, ಸಣಕಲು. ಚಿಕ್ಕ ಅಂಕಿ ಅಂದರೆ ಗಿಡ್ಡ, ಅಗಲ.

ಈಗ ವಾಲೋದು. ತೊಟ್ಟಿ ನೀರಲ್ಲಿ ಒಂದು ಉದ್ದ ಪಟ್ಟಿ, ಅಷ್ಟೇ ವಿಸ್ತೀರ್ಣದ ಒಂದು ಗಿಡ್ಡ ಹಲಗೆ ಮುಳುಗಿಸಿ, ನಡುವೆ ಹಿಡಿದು ತಕ್ಕಡಿ ಹಾಗೆ ಆ ಕಡೆ ಈ ಕಡೆ ವಾಲಿಸಿ ನೋಡಿ. ಉದ್ದ ಪಟ್ಟಿ ಕೈಗೆ ಎದುರು ನಿಲ್ಲುತ್ತೆ. ತುದಿ ದೂರ ಇದ್ದಷ್ಟೂ ಹೆಚ್ಚು ನೀರನ್ನ ಹೆಚ್ಚು ದೂರ ತಳ್ಳಬೇಕು. ಈ ತಡೆ ಸುಮಾರಾಗಿ ಸ್ಪ್ಯಾನಿನ ವರ್ಗವನ್ನ ವಿಸ್ತೀರ್ಣದಿಂದ ಗುಣಿಸಿದ ಹಾಗೆ ಏರುತ್ತೆ. ನಿಮ್ಮ ಈಗಿನ 1700ರ ರೆಕ್ಕೆಯ ತಡೆ 100 ಅಂತ ಇಟ್ಟುಕೊಂಡರೆ ಒಂದನೇದು 65, ಎರಡನೇದು 63, ಮೂರನೇದು 41. ಅಂದರೆ ಯಾವುದನ್ನ ತಗೊಂಡರೂ ಈಗಿನದಕ್ಕಿಂತ ಕಾಲು ಹಗುರ. ಒಂದನೇದು ವಿಸ್ತೀರ್ಣದಲ್ಲಿ ಚಿಕ್ಕದಾದರೂ ಉದ್ದದ ದೆಸೆಯಿಂದ ಎರಡನೇದಕ್ಕಿಂತ ಚುರುಕಾಗಲ್ಲ. ಮೂರನೇದು ನಿಜವಾಗಿ ಬೇರೆ ಜಾತಿ.

ಇನ್ನೊಂದು ಲೆಕ್ಕ, ಇದನ್ನ ಯಾರೂ ಮಾಡಲ್ಲ. ನಿಮ್ಮ ಬೋರ್ಡಿನ ಅಗಲ ಎಷ್ಟು?

ಕ್ಯಾತ್ಸಂದ್ರ ಗಾಳಿ:
60 ಸೆಂ.ಮೀ. ಅಣ್ಣ.

ಪಾಲಾರ್ ದಂಡೆ:
ಸರಿ. 45 ಡಿಗ್ರಿ ವಾಲಿಸಿದ್ದೀರಿ ಅಂದುಕೊಳ್ಳಿ. ಮೇಲಾದ ರೆಕ್ಕೆ ತುದಿ ನೀರಿಂದ ಹೊರಬರಬಾರದು, ಕೆಳಗಾದ ಬೋರ್ಡಿನ ಅಂಚು ನೀರಿಗೆ ತಾಗಬಾರದು. 45 ಡಿಗ್ರಿಯಲ್ಲಿ ಈ ಲೆಕ್ಕ ತುಂಬಾ ಸಲೀಸು. ಮಾಸ್ಟ್ ನೀರೊಳಗೆ ಕನಿಷ್ಠ ಅರ್ಧ ಸ್ಪ್ಯಾನಿನಷ್ಟು ಇರಬೇಕು, ನೀರ ಮೇಲೆ ಕನಿಷ್ಠ ಅರ್ಧ ಬೋರ್ಡಿನಷ್ಟು ಇರಬೇಕು. ಎರಡನ್ನೂ ಕೂಡಿ.

ಒಂದನೇದಕ್ಕೆ 50 ಮತ್ತು 30, ಒಟ್ಟು 80. ನಿಮ್ಮ ಮಾಸ್ಟ್ 75. ಆಗಲ್ಲ.
ಎರಡನೇದಕ್ಕೆ 45 ಮತ್ತು 30, ಒಟ್ಟು 75. ಕೂದಲೆಳೆ ಜಾಗವೂ ಇಲ್ಲ.
ಮೂರನೇದಕ್ಕೆ 38 ಮತ್ತು 30, ಒಟ್ಟು 68. ಏಳು ಸೆಂ.ಮೀ. ಮಿಕ್ಕಿತು.

ಇದು ನೇರ ರೆಕ್ಕೆಯ ಲೆಕ್ಕ. ತುದಿ ಕೆಳಕ್ಕೆ ಬಾಗಿದ್ದರೆ ಒಂದೆರಡು ಬೆರಳು ಹೆಚ್ಚಿಗೆ ಸಿಗುತ್ತೆ. ಡಿಗ್ರಿಯಲ್ಲಿ ಹೇಳಿದರೆ ಮೂರಕ್ಕೂ ಐದು ಡಿಗ್ರಿ ವ್ಯತ್ಯಾಸ ಅಷ್ಟೇ: 43, 45, 48. ಆದರೆ ನೀರು ಕನ್ನಡಿ ಹಾಗೆ ಇರಲ್ಲ, ಒಂದು ಸಣ್ಣ ಏರಿಳಿತ ಬಂದರೆ ಆ ಏಳು ಸೆಂಟಿಮೀಟರೇ ನಿಮ್ಮನ್ನ ಕಾಪಾಡೋದು. 85ರ ಮಾಸ್ಟ್ ಹಾಕಿದರೆ ಎರಡನೇದಕ್ಕೂ ಹತ್ತು ಸೆಂ.ಮೀ. ಸಿಗುತ್ತೆ.

ಇಷ್ಟು ಹೇಳಿದ ಮೇಲೂ ನಾನು ಮೂರನೇದನ್ನ ತಗೊಳ್ಳಿ ಅನ್ನಲ್ಲ. ಅದಕ್ಕೆ ಕಾರಣ ಇದೆ. ಎತ್ತುವ ಬಲಕ್ಕೆ ನೀರು ಒಂದು ಬೆಲೆ ಕೇಳುತ್ತೆ. ತುದಿಯಲ್ಲಿ ಸುಳಿ ಏಳುತ್ತಲ್ಲ, ಅದರ ಎಳೆತ. ಹೊರುವ ಭಾರವನ್ನ ಸ್ಪ್ಯಾನಿನಿಂದ ಭಾಗಿಸಿ ವರ್ಗ ಮಾಡಿದಷ್ಟು ಅದು ಬೆಳೆಯುತ್ತೆ. ಅದೇ ವೇಗದಲ್ಲಿ ಮೂರನೇದಕ್ಕೆ ಎರಡನೇದಕ್ಕಿಂತ ಈ ಎಳೆತ ಶೇ. 40 ಹೆಚ್ಚು. ತಿರುವಿನಲ್ಲಿ ಇನ್ನೂ ಕಷ್ಟ. 45 ಡಿಗ್ರಿ ವಾಲಿದಾಗ ರೆಕ್ಕೆ ಹೊರುವ ಭಾರ 1.41 ಪಟ್ಟು ಆಗುತ್ತೆ, ಎಳೆತ ಎರಡು ಪಟ್ಟು. ತಿರುವಿಗೆ ಹೋಗೋವಾಗ ಇದ್ದ ವೇಗ ತಿರುವಿಂದ ಬರೋವಾಗ ಇರಲ್ಲ.

ಮುಲ್ಕಿ ಅಳಿವೆ:
ಲೆಕ್ಕ ಸರಿ, ಒಪ್ಪಿದೆ. ಆದರೆ ಅಲೆ ಮೇಲೆ ವೇಗ ಕೊಡುವುದು ಅಲೆ ಅಲ್ವಾ? ಇಳಿಜಾರಿನಲ್ಲಿ ಇರುವವನಿಗೆ ಎಳೆತದ ಲೆಕ್ಕ ಯಾಕೆ? ನಾನು 70 ಕೆ.ಜಿ., ಗಿಡ್ಡ ರೆಕ್ಕೆಯಲ್ಲಿ ಒಂದು ಅಲೆಗೆ ನಾಲ್ಕು ತಿರುವು ತೆಗೀತೇನೆ. ಆ ಸುಖ ಉದ್ದದ್ದರಲ್ಲಿ ಇಲ್ಲ.

ಪಾಲಾರ್ ದಂಡೆ:
ಅಲೆ ಗಟ್ಟಿ ಇದ್ದರೆ ನೀವು ಹೇಳೋದೇ ಸರಿ ಸರ್. ಇವರು ಸಮುದ್ರಕ್ಕೆ ಬರೋದು ವಾರಾಂತ್ಯದಲ್ಲಿ, ಅವತ್ತು ಏನು ಸಿಗುತ್ತೋ ಅದು. ಮಳೆಗಾಲದ ಸಮುದ್ರಕ್ಕೆ ಇವರು ಇಳಿಯೋ ಹಾಗಿಲ್ಲ, ಆಮೇಲಿನ ತಿಂಗಳುಗಳಲ್ಲಿ ನಿಮ್ಮ ಅಲೆ ಮೆತ್ತಗಿರುತ್ತೆ. ಮೆತ್ತಗಿನ ಅಲೆ ಇವರನ್ನ ಎರಡು ತಿರುವಿಗೆ ತಳ್ಳುತ್ತೆ, ಮೂರನೇ ತಿರುವು ಇವರೇ ಉಳಿಸಿಕೊಂಡ ವೇಗದಿಂದ ಬರಬೇಕು.

ಮುಳಬಾಗಿಲು ಟು ಕೋವಳಂ:
ನಮ್ಮ ಮುಳಬಾಗಿಲಿಗೆ ಮಂಗಳೂರಿಗಿಂತ ಚೆನ್ನೈ ಹತ್ತಿರ, ಅದಕ್ಕೆ ನಾನು ಹೋಗೋದು ಕೋವಳಂಗೆ. ಯಾರೂ ಹೇಳದ ಒಂದು ದಾರಿ ಇದೆ. ಹೈ ಆಸ್ಪೆಕ್ಟ್ ಅಂದರೆ ತಿರುಗಲ್ಲ ಅನ್ನೋದು ಹಳೇ ಮಾತು. 700 ಚದರ ಸೆಂ.ಮೀ., 80 ಸೆಂ.ಮೀ. ಸ್ಪ್ಯಾನ್ ಇರೋದು ತಗೊಳ್ಳಿ. ಆಸ್ಪೆಕ್ಟ್ 9 ದಾಟುತ್ತೆ, ಆದರೂ ಗಿಡ್ಡ. ನಾನು ಅದರಲ್ಲೇ ಓಡಿಸೋದು, ಚಾಕು ಹಾಗೆ ಹೋಗುತ್ತೆ. ತಿರುಗಿಸೋದು ಸ್ಪ್ಯಾನು, ರೇಶಿಯೋ ಅಲ್ಲ.

ಪಾಲಾರ್ ದಂಡೆ:
ನಿಮ್ಮ ಕೊನೇ ಸಾಲು ನೂರಕ್ಕೆ ನೂರು ಸತ್ಯ. ಆದರೆ 700 ಇವರಿಗೆ ಈಗ ಬೇಡ. ಇವರು, ಬೋರ್ಡು, ಜಾಕೆಟ್ ಎಲ್ಲ ಸೇರಿ 90 ಕೆ.ಜಿ. ಅಂತ ಇಟ್ಟುಕೊಂಡೆ. ನೀರಿಗೆ ಬೀಳದೆ ಮೇಲೆ ತೇಲೋಕೆ ಬೇಕಾದ ಕನಿಷ್ಠ ವೇಗ ಸುಮಾರಾಗಿ ಹೀಗೆ ಬರುತ್ತೆ: 1200ಕ್ಕೆ ಗಂಟೆಗೆ 14 ಕಿ.ಮೀ., 1100ಕ್ಕೆ 14.5, 1000ಕ್ಕೆ 15, 700ಕ್ಕೆ 18. ಎತ್ತುವ ಬಲ ವೇಗದ ವರ್ಗದ ಮೇಲೆ ನಿಂತಿರೋದರಿಂದ ವಿಸ್ತೀರ್ಣ ಅರ್ಧ ಆದರೂ ವೇಗ ಎರಡು ಪಟ್ಟು ಬೇಕಾಗಲ್ಲ, ಅದು ನಮ್ಮ ಪುಣ್ಯ. 45 ಡಿಗ್ರಿ ತಿರುವಿನಲ್ಲಿ ಈ ವೇಗಗಳೆಲ್ಲ ಶೇ. 19 ಏರುತ್ತವೆ. 1200ಕ್ಕೆ 16ರಿಂದ 17, 700ಕ್ಕೆ 21ರ ಮೇಲೆ.

ಈಗ ಅಲೆಯ ವೇಗ ನೋಡಿ. ದಡದ ಹತ್ತಿರ ಅಲೆ ಎಷ್ಟು ಬೇಗ ಓಡುತ್ತೆ ಅನ್ನೋದನ್ನ ನೀರಿನ ಆಳ ತೀರ್ಮಾನ ಮಾಡುತ್ತೆ. ಎರಡು ಮೀಟರ್ ಆಳದಲ್ಲಿ ಗಂಟೆಗೆ ಸುಮಾರು 16 ಕಿ.ಮೀ., ಒಂದು ಮೀಟರಿನಲ್ಲಿ 11. ಓರೆಯಾಗಿ ಹೋದರೆ ನೀವು ಅಲೆಗಿಂತ ಜೋರಾಗಿರ್ತೀರಿ, ಒಪ್ಪಿದೆ. ಆದರೆ 700ರಲ್ಲಿ ಪ್ರತಿ ತಿರುವಿಗೂ ಅಲೆಗಿಂತ ಐದು ಕಿ.ಮೀ. ಹೆಚ್ಚು ಇಟ್ಟುಕೊಂಡೇ ಇರಬೇಕು. ವಾರಕ್ಕೆ ನಾಲ್ಕು ದಿನ ನೀರಲ್ಲಿ ಇರೋರಿಗೆ ಅದು ಆಗುತ್ತೆ.

ಮುಳಬಾಗಿಲು ಟು ಕೋವಳಂ:
ನಾನು 61 ಕೆ.ಜಿ. ಅನ್ನೋದನ್ನ ಹೇಳಬೇಕಿತ್ತು. ಅದನ್ನ ಸೇರಿಸಿಕೊಂಡು ಓದಿ. ಇವರ ತೂಕಕ್ಕೆ 700 ಬೇಡ, ಒಪ್ಪಿಕೊಂಡೆ.

ರೇಷ್ಮೆ ಗೂಡು:
ಹಾಗಾದರೆ 52 ಕೆ.ಜಿ. ಇರೋ ನನಗೆ? ನನ್ನ ಕೈಗೆ ಮೊದಲ ದಿನವೇ 1700 ಕೊಟ್ಟಿದ್ದರು. ಮೇಲೆ ಹೋಗಿ ಹೋಗಿ ನೀರಿಂದಲೇ ಹೊರಗೆ ಬಂದುಬಿಡ್ತಿತ್ತು. ಮುಂದಿನ ಪಾದದ ಮೇಲೆ ಪೂರ್ತಿ ಭಾರ ಹಾಕಿದರೂ ಇಳೀತಿರಲಿಲ್ಲ.

ಪಾಲಾರ್ ದಂಡೆ:
ಅಕ್ಕ, ನಿಮಗೆ ಅದು ತೀರಾ ದೊಡ್ಡದು. ಸಾಮಾನು ಸೇರಿ ನೀವು 62 ಅಂದರೆ, ಇವರಿಗೆ 1200 ಹೇಗೋ ನಿಮಗೆ 830 ಹಾಗೆ. ನಿಮಗೆ 1700 ಅಂದರೆ ಇವರ ಕಾಲಿಗೆ ಸುಮಾರು 2500ರ ರೆಕ್ಕೆ ಕಟ್ಟಿದ ಹಾಗೆ. ಕಲಿಯೋಕೆ 1200 ಸಾಕು, ಆಮೇಲೆ 850ರ ಆಸುಪಾಸು.

ಕುಣಿಗಲ್ ದೊಡ್ಡಕೆರೆ:
ಲೆಕ್ಕ ಓದಿ ಸಂತೋಷವಾಯಿತು. ನನ್ನ ಆತಂಕ ಬೇರೆ. ಸಮುದ್ರ ದೂರ ಅಂತ ಇಲ್ಲಿನ ಕೆರೆಗೆ ಇಳಿಯೋ ಯೋಚನೆ ನಿಮ್ಮಲ್ಲಿ ಯಾರಿಗಾದರೂ ಬಂದೇ ಬರುತ್ತದೆ. ಆಷಾಢದ ಗಾಳಿ ಬಯಲುಸೀಮೆಯಲ್ಲಿ ಬೀಸುವಾಗ ದೊಡ್ಡ ಕೆರೆ ನೋಡಿದರೆ ನನಗೂ ಕಾಲು ತಡೆಯೋದಿಲ್ಲ.

ಕೆರೆಗೆ ಅವಮಾನ ಮಾಡ್ತಿಲ್ಲ. ಹೈಡ್ರೋಫಾಯಿಲ್‌ನ ಮೊದಮೊದಲ ಓಟಗಳಲ್ಲಿ ಒಂದು ನಡೆದದ್ದೇ ಸಿಹಿನೀರಲ್ಲಿ. 1906ರಲ್ಲಿ ಇಟಲಿಯ ಎನ್ರಿಕೊ ಫೋರ್ಲನಿನಿ ತಮ್ಮ ಫಾಯಿಲ್ ದೋಣಿಯನ್ನು ಮಜ್ಜೋರೆ ಸರೋವರದ ಮೇಲೆ ಓಡಿಸಿದರು. ಆದರೆ ನಮ್ಮ ಕೆರೆಯ ತಳ ಬೇರೆ. ಹತ್ತಾರು ವರ್ಷ ಒಣಗಿ ನಿಂತ ಅಂಗಳದಲ್ಲಿ ಜಾಲಿ ಬೆಳೆದಿತ್ತು. ಕೋಲಾರದ ಕಡೆ 2018ರಿಂದ ಕೆ.ಸಿ. ವ್ಯಾಲಿ ನೀರು ಬಂದು ಎಷ್ಟೋ ಕೆರೆ ತುಂಬಿತು, ಜಾಲಿ ಎಲ್ಲ ಕಡೆ ಕಡಿದಿರಲಿಲ್ಲ. ನೀರು ಮೇಲಿಂದ ನುಣ್ಣಗೆ ಕಾಣುತ್ತದೆ, ಒಂದು ಮೊಳ ಕೆಳಗೆ ಮುಳ್ಳಿನ ಬುಡ ನಿಂತಿರುತ್ತದೆ. ನಿಮ್ಮ ಫಾಯಿಲ್ ಬೋರ್ಡಿನ ಕೆಳಗೆ 75, 85 ಸೆಂ.ಮೀ. ಇಳಿದಿರುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಅದು ಬುಡಕ್ಕೆ ಬಡಿದರೆ ಬೋರ್ಡು ನಿಲ್ಲುತ್ತದೆ, ನೀವು ನಿಲ್ಲೋದಿಲ್ಲ. ಜೊತೆಗೆ ಹೂಳೆತ್ತಿದ ಗುಂಡಿ, ಮೀನು ಟೆಂಡರ್ ತಗೊಂಡವರ ಬಲೆ. ಬಲೆ ಅವರ ಅನ್ನ, ಅದನ್ನ ಹರಿಯೋದು ಪಾಪ.

ಆ ಕೆ.ಸಿ. ವ್ಯಾಲಿ ನೀರು ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿದ್ದು, ಬಿಟ್ಟಿರೋದು ಅಂತರ್ಜಲ ಏರಲಿ ಅಂತ. ಚಿಕ್ಕಬಳ್ಳಾಪುರದ ಕಡೆಯ ಎಚ್.ಎನ್. ವ್ಯಾಲಿ ನೀರೂ ಹಾಗೇ. ಅದರಲ್ಲಿ ಬಿದ್ದು ಕುಡಿಯೋ ಆಟ ಬೇಡ. ಇನ್ನು ತುಮಕೂರಿನ ಬುಗುಡನಹಳ್ಳಿ, ಚಿಕ್ಕಬಳ್ಳಾಪುರದ ಜಕ್ಕಲಮಡುಗು, ಇವು ಜನ ಕುಡಿಯೋ ನೀರು. ಅಲ್ಲಿಗೆ ಬೋರ್ಡು ಒಯ್ಯೋ ಮಾತೇ ಬೇಡ. ಬೇರೆ ಯಾವ ಕೆರೆಯಾದರೂ ಇಲಾಖೆಯಿಂದ ಬರಹದಲ್ಲಿ ಅನುಮತಿ, ಬೇಸಿಗೆಯಲ್ಲಿ ತಳ ನಡೆದು ನೋಡಿರೋದು, ದಡದಲ್ಲಿ ಒಬ್ಬರು, ಇದಿಷ್ಟು ಇಲ್ಲದೆ ಇಳಿಯಬೇಡಿ. ನನ್ನ ಮಗನ ವಯಸ್ಸಿನವರು ನೀವೆಲ್ಲ, ಅದಕ್ಕೆ ಇಷ್ಟು ಬರೆದೆ.

ಕ್ಯಾತ್ಸಂದ್ರ ಗಾಳಿ:
ಖಂಡಿತ ಸರ್. ಕೆರೆಗೆ ಇಳಿಯಲ್ಲ. ನಾನು ಮೈದಾಳದ ಕಡೆ ಹೋದಾಗಲೆಲ್ಲ ಗಾಳಿ ನೋಡಿ ನಿಂತುಬಿಡ್ತಿದ್ದೆ, ನಿಮ್ಮ ಮಾತು ನನಗೇ ಹೇಳಿದ ಹಾಗಿದೆ.

ಮುಲ್ಕಿಯವರಿಗೆ ಒಂದು ಪ್ರಶ್ನೆ. ಹೊಸ ರೆಕ್ಕೆ ಬರೋ ತನಕ ಈಗಿನದರಲ್ಲೇ ಏನಾದರೂ ಮಾಡಬಹುದಾ?

ಮುಲ್ಕಿ ಅಳಿವೆ:
ಧಾರಾಳ ಮಾಡಬಹುದು. ಹಿಂದಿನ ಸಣ್ಣ ರೆಕ್ಕೆ ಉಂಟಲ್ಲ, ಅದನ್ನು ಒಂದು ಸೈಜ್ ಚಿಕ್ಕದು ಹಾಕಿ. ಫ್ರಂಟ್ ವಿಂಗಿಗಿಂತ ಎಷ್ಟೋ ಅಗ್ಗ, ತಿರುವು ಸಡಿಲ ಆಗ್ತದೆ. ಫ್ಯೂಸಲಾಜ್ ಗಿಡ್ಡದು ಸಿಕ್ಕಿದರೆ ಇನ್ನೂ ಸಡಿಲ, ಆದರೆ ಮುಂದೆ ಹಿಂದೆ ತೂಗುವುದು ಜಾಸ್ತಿ ಆಗ್ತದೆ. ಎರಡನ್ನೂ ಒಂದೇ ದಿನ ಬದಲಾಯಿಸಬೇಡಿ, ಯಾವುದು ಏನು ಮಾಡಿತು ಅಂತ ಗೊತ್ತಾಗುವುದಿಲ್ಲ.

ತಿರುವಿಗೆ ಮೊದಲು ಒಂದು ಗೇಣು ಕೆಳಗೆ ಇಳೀರಿ. ಎಲ್ಲರೂ ಮಾಡುವ ತಪ್ಪು, ಮಾಸ್ಟಿನ ತುದಿಯಲ್ಲಿ ಎತ್ತರದಲ್ಲಿ ಹೋಗುತ್ತಾ ಅಲ್ಲಿಂದಲೇ ವಾಲಿಸುವುದು. ತುದಿ ಹೊರಗೆ ಬಾರದೆ ಇನ್ನೇನು? ಇಳಿದು, ವಾಲಿಸಿ, ಭಾರ ಏರುವುದು ಪಾದಕ್ಕೆ ಗೊತ್ತಾಗುವಾಗ ಹಿಂದಿನ ಪಾದ ಸ್ವಲ್ಪ ಒತ್ತಿ. ಪಾಲಾರಿನವರು ಹೇಳಿದ 1.41 ಪಟ್ಟು ಅಂತ ಉಂಟಲ್ಲ, ಅದನ್ನು ಹೊರಲಿಕ್ಕೆ ಆ ಒತ್ತು. ಒತ್ತದಿದ್ದರೆ ತಿರುವಿನ ನಡುವೆ ಬೋರ್ಡು ನೀರಿಗೆ ಕೂರ್ತದೆ.

ಇನ್ನು ಒಂದು ಕಂಪನಿಯ ರೆಕ್ಕೆ ಇನ್ನೊಂದು ಕಂಪನಿಯ ಫ್ಯೂಸಲಾಜಿಗೆ ಸಾಮಾನ್ಯವಾಗಿ ಕೂರುವುದಿಲ್ಲ, ಒಂದೇ ಕಂಪನಿಯಲ್ಲೂ ಹಳತು ಹೊಸತಕ್ಕೆ ಕೆಲವೊಮ್ಮೆ ಕೂರುವುದಿಲ್ಲ. ದುಡ್ಡು ಕೊಡುವ ಮೊದಲು ಸ್ಕ್ರೂ ತೂತುಗಳ ಫೋಟೋ ತರಿಸಿ ತಾಳೆ ನೋಡಿ. ಉಪ್ಪುನೀರಲ್ಲಿ ಅಲ್ಯೂಮಿನಿಯಂ ಮಾಸ್ಟಿಗೆ ಸ್ಟೀಲ್ ಸ್ಕ್ರೂ ಹಾಕಿ ಬಿಟ್ಟರೆ ಕಚ್ಚಿಕೊಳ್ತದೆ, ಗ್ರೀಸ್ ಹಚ್ಚಿ, ಪ್ರತಿ ಸಲ ಬಿಚ್ಚಿ ಸಿಹಿನೀರಲ್ಲಿ ತೊಳೀರಿ.

ಮುಂದಿನ ಸಲ ಬರುವಾಗ ಹೇಳಿ. ನನ್ನ ಬಳಿ ಗಿಡ್ಡದ್ದು ಉಂಟು, ಪರಿಚಯದವರ ಹತ್ತಿರ ನಿಮ್ಮ ಎರಡನೆಯದರಂಥದ್ದು ಉಂಟು. ಎರಡನ್ನೂ ಇಡೀ ಸೆಟ್ಟಾಗಿ ಓಡಿಸಿ ನೋಡಿ, ಆಮೇಲೆ ಕೊಳ್ಳುವ.

ಕ್ಯಾತ್ಸಂದ್ರ ಗಾಳಿ:
ಹೋಗಿ ಬಂದೆ. ಎರಡು ದಿನ ಸಿಕ್ಕಿತು. ಶನಿವಾರ ಮಧ್ಯಾಹ್ನ ಮೇಲೆ ಕಡಲ ಗಾಳಿ ಚೆನ್ನಾಗಿತ್ತು, ಅಲೆ ಸೊಂಟದೆತ್ತರ. ಭಾನುವಾರ ಅಲೆ ಮೊಣಕಾಲಿಗೆ ಇಳಿದಿತ್ತು.

ಶನಿವಾರ ಮೊದಲು ಗಿಡ್ಡದ್ದು ಹಾಕಿದೆ. ಮೊದಲ ತಿರುವಿಗೇ ಮೈ ಜುಮ್ಮೆಂದಿತು. ಒತ್ತೋದೂ ಬೇಡ, ನೋಡಿದ ಕಡೆಗೆ ಹೋಗುತ್ತೆ. ತುದಿ ಒಂದು ಸಲವೂ ಹೊರಬರಲಿಲ್ಲ. ಮುಲ್ಕಿಯವರು ಯಾಕೆ ಅದನ್ನ ಅಷ್ಟು ಪ್ರೀತಿಸ್ತಾರೆ ಅಂತ ಅರ್ಥ ಆಯ್ತು. ಮೂರನೇ ತಿರುವಿನ ಹೊತ್ತಿಗೆ ವೇಗ ಸೋರಿಹೋಗ್ತಿತ್ತು, ಮತ್ತೆ ಕೈಯಲ್ಲಿ ವಿಂಗ್ ಎತ್ತಿ ಎಳೆಸಿಕೊಳ್ಳಬೇಕು. ಭಾನುವಾರ ಮೊಣಕಾಲೆತ್ತರದ ಅಲೆಯಲ್ಲಿ ಒಂದು ತಿರುವಿಗೇ ಮುಗೀತಿತ್ತು.

ಅದೇ ಭಾನುವಾರ 1200, 90 ಹಾಕಿದೆ. ವಾಲೋದು ಗಿಡ್ಡದ್ದರಷ್ಟು ಚುರುಕಲ್ಲ, ನನ್ನ 1700ರ ಪಕ್ಕದಲ್ಲಿ ಎಷ್ಟೋ ಹಗುರ. ಆ ಸಣ್ಣ ಅಲೆಯಲ್ಲೇ ಮೂರು ತಿರುವು ಕೂಡಿಸಿದೆ, ನಾಲ್ಕನೇದಕ್ಕೂ ವೇಗ ಉಳಿದಿತ್ತು. ಎರಡು ಸಲ ತುದಿ ಹೊರಬಂದು ಬಿದ್ದೆ, ಎರಡೂ ಸಲ ಎತ್ತರದಿಂದ ಶುರು ಮಾಡಿದ್ದೆ. ಒಂದು ಗೇಣು ಇಳಿದು ವಾಲಿಸಿದ ಮೇಲೆ ಮತ್ತೆ ಬೀಳಲಿಲ್ಲ. ಪಾಲಾರ್ ಅಣ್ಣನ 75ರ ಲೆಕ್ಕ ನನ್ನ ಮೈಗೇ ತಿಳೀತು.

ಎರಡನೇದನ್ನೇ ತಗೊಳ್ತಿದ್ದೀನಿ. 85ರ ಮಾಸ್ಟ್ ಮುಂದಿನ ವರ್ಷಕ್ಕೆ. ನನ್ನ 1700ನ್ನ ಮುಲ್ಕಿಯಲ್ಲೇ ಬಿಡ್ತೀನಿ, ಕಲಿಯೋಕೆ ಬರೋ ಭಾರದವರು ಯಾರಾದರೂ ಓಡಿಸಲಿ.

ಪಾಲಾರ್ ಅಣ್ಣ, ತುಮಕೂರು ಕಡೆ ಬಂದರೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ನನ್ನ ಲೆಕ್ಕ.

ರೇಷ್ಮೆ ಗೂಡು:
850ಕ್ಕೆ ಎಷ್ಟು ಸ್ಪ್ಯಾನ್ ಹುಡುಕಲಿ? ನನ್ನ ಬೋರ್ಡು 56 ಅಗಲ, ಮಾಸ್ಟ್ 72.

ಪಾಲಾರ್ ದಂಡೆ:
ಅರ್ಧ ಬೋರ್ಡು 28. 72ರಲ್ಲಿ ಕಳೆದರೆ 44 ಉಳಿಯಿತು, ಅದು ಅರ್ಧ ಸ್ಪ್ಯಾನಿನ ಮಿತಿ. ಆರು ಸೆಂ.ಮೀ. ಏರಿಳಿತಕ್ಕೆ ಬಿಟ್ಟರೆ 38, ಅಂದರೆ ಸ್ಪ್ಯಾನ್ 76. ಆಸ್ಪೆಕ್ಟ್ 6.8 ಬರುತ್ತೆ. 74ರಿಂದ 78ರೊಳಗೆ ಯಾವುದು ಸಿಕ್ಕರೂ ತಗೊಳ್ಳಿ ಅಕ್ಕ, ಎದುರಿನ ಫೋಟೋ ಮಾತ್ರ ಕೇಳಿ.